ಕಚೇರಿಯ ಬಜೆಟ್ ನಿಮ್ಮ ಕೈಗೆ ಬಂದಾಗ

ಸಂಸಾರ ತೂಗಿಸುವುದನ್ನು ನಮ್ಮ ಸಹೋದರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಲ್ಫ್‌ನಿಂದ ಬರಬೇಕಾದ ಹಣ ಎರಡು ವಾರ ತಡವಾದರೂ ಮಕ್ಕಳ ಊಟದ ತಟ್ಟೆಗೆ ಅದರ ಸುದ್ದಿ ಮುಟ್ಟದಂತೆ ನೋಡಿಕೊಳ್ಳುವ ತಾಯಂದಿರು ನಮ್ಮ ಊರುಗಳಲ್ಲಿ ಎಷ್ಟು ಮಂದಿಯಿಲ್ಲ! ಮಗಳ ನಿಕಾಹ್‌ಗೆ ಇಷ್ಟು ಜನ, ಅಷ್ಟು ಜನಕ್ಕೆ ಇಷ್ಟು ಕಿಲೋ ಅಕ್ಕಿ, ಇಷ್ಟು ಕಿಲೋ ಮಾಂಸ, ಶಾಮಿಯಾನಕ್ಕೆ ಇಷ್ಟು, ಅಡುಗೆಯವರಿಗೆ ಇಷ್ಟು ಎಂದು ಮಕ್ಕಳ ಹಳೆಯ ನೋಟ್‌ಬುಕ್ಕಿನ ಹಿಂಬದಿಯಲ್ಲಿ ಪಟ್ಟಿ ಬರೆಯುವವರೂ ಅವರೇ.

ಅದೇ ಸಹೋದರಿ ಒಂದು ಶಾಲೆಯಲ್ಲೋ, ನರ್ಸಿಂಗ್ ಹೋಮ್‌ನಲ್ಲೋ, ಸಣ್ಣ ಕಂಪೆನಿಯಲ್ಲೋ ಕೆಲಸಕ್ಕಿದ್ದಾಳೆ ಎನ್ನಿ. ನಾಲ್ಕೈದು ವರ್ಷ ಕಳೆದ ಮೇಲೆ ಒಂದು ದಿನ ಮೇಲಿನವರು ಕರೆದು, “ಇನ್ನು ಈ ವಿಭಾಗದ ಬಜೆಟ್ ನೀವೇ ನೋಡಿಕೊಳ್ಳಿ” ಎಂದರೆ ಏನಾಗುತ್ತದೆ? “ಅಯ್ಯೋ, ಲೆಕ್ಕದ ತಂಟೆ ನನಗೆ ಬೇಡ ಸಾರ್. ಪಾಠ ಮಾಡಲು ಹೇಳಿ, ಇನ್ನೂ ಎರಡು ತರಗತಿ ಜಾಸ್ತಿ ತೆಗೆದುಕೊಳ್ಳುತ್ತೇನೆ” ಎಂದು ಹಿಂದೆ ಸರಿಯುವವರೇ ಹೆಚ್ಚು.

ಇದನ್ನು ವಿನಯವೆಂದು ಕರೆಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಯಾವುದೇ ಸಂಸ್ಥೆಯಲ್ಲಿ ಏನು ನಡೆಯಬೇಕು ಎಂಬುದನ್ನು ಕೊನೆಗೂ ನಿರ್ಧರಿಸುವುದು ಖರ್ಚಿನ ಪಟ್ಟಿ. ಪ್ರಯೋಗಾಲಯಕ್ಕೆ ಹೊಸ ಬೀಕರು ಬರಬೇಕೋ, ಆಫೀಸು ಕೋಣೆಗೆ ಹೊಸ ಸೋಫಾ ಬರಬೇಕೋ ಎಂಬ ತೀರ್ಮಾನ ಆ ಪಟ್ಟಿಯಲ್ಲಾಗುತ್ತದೆ. ಅದನ್ನು ಬರೆಯಲು ನೀವು ಒಪ್ಪದಿದ್ದರೆ ಪ್ರಯೋಗಾಲಯದ ಬಾಗಿಲನ್ನೇ ನೋಡದ ಒಬ್ಬರು ಬರೆಯುತ್ತಾರೆ. ಆಮೇಲೆ ‘ನಮ್ಮ ಮಾತು ಯಾರು ಕೇಳುತ್ತಾರೆ’ ಎಂದು ಸ್ಟಾಫ್ ರೂಮಿನಲ್ಲಿ ಕುಳಿತು ಹೇಳಿ ಏನು ಪ್ರಯೋಜನ?

ಇನ್ನೊಂದು ಬಗೆಯವರಿದ್ದಾರೆ. ಅವರು ಜವಾಬ್ದಾರಿ ಒಪ್ಪಿಕೊಳ್ಳುತ್ತಾರೆ, ಆದರೆ ಹೆಸರಿಗೆ ಮಾತ್ರ. ಕ್ಲಾರ್ಕ್ ತಂದಿಟ್ಟ ಕಾಗದಕ್ಕೆ ಸಹಿ ಹಾಕುತ್ತಾರೆ. ಹಿಂದೆ ಸರಿದವಳಿಗೆ ಅಧಿಕಾರ ಸಿಗದೆ ಹೋದೀತು, ಅಷ್ಟೇ. ಓದದೆ ಸಹಿ ಹಾಕಿದವಳಿಗೆ ಅಧಿಕಾರವೂ ಇಲ್ಲ, ಅಪಾಯ ಮಾತ್ರ ಪೂರ್ತಿ.

ಬಜೆಟ್ ನೋಡಿಕೊಳ್ಳಲು ದೊಡ್ಡ ಗಣಿತವೇನೂ ಬೇಡ. ಕೂಡುವುದು, ಕಳೆಯುವುದು, ಶೇಕಡಾ ತೆಗೆಯುವುದು, ಅಷ್ಟು ಸಾಕು. ಕರ್ನಾಟಕದಲ್ಲಿ ಸ್ತ್ರೀಶಕ್ತಿ ಯೋಜನೆ 2000-01ರಲ್ಲಿ ಆರಂಭವಾದಾಗಿನಿಂದ ಹಳ್ಳಿ ಹಳ್ಳಿಯಲ್ಲಿ ಹೆಚ್ಚು ಶಾಲೆ ಕಾಣದ ಹೆಂಗಸರು ಸಂಘದ ನಗದು ಪುಸ್ತಕ, ಸಾಲದ ಪುಸ್ತಕ, ನಡಾವಳಿ ಪುಸ್ತಕಗಳನ್ನು ಇಟ್ಟುಕೊಂಡು ಬಂದಿದ್ದಾರೆ. ರಾಷ್ಟ್ರೀಯ ಗ್ರಾಮೀಣ ಜೀವನೋಪಾಯ ಅಭಿಯಾನದವರು ಸ್ವಸಹಾಯ ಸಂಘಗಳಿಗೆ ಹೇಳಿಕೊಡುವ ಪಂಚಸೂತ್ರದಲ್ಲಿ ಒಂದು ಸೂತ್ರವೇ ಪುಸ್ತಕಗಳನ್ನು ಅಂದಂದಿಗೆ ಬರೆಯುವುದು. ಅವರಿಂದ ಆಗುವುದು ಪದವಿ ಪಡೆದ ನಿಮ್ಮಿಂದ ಆಗದೆ?

ಆದರೆ ಒಂದು ಮಾತು ಮೊದಲೇ ತಿಳಿದಿರಬೇಕು. ಮನೆಯ ಲೆಕ್ಕದಲ್ಲಿ ಜಾಣೆಯಾದವಳು ಅದೇ ರೀತಿಯನ್ನು ಕಚೇರಿಗೆ ಒಯ್ದರೆ ತೊಂದರೆಗೆ ಸಿಲುಕುತ್ತಾಳೆ. ಮನೆಯಲ್ಲಿ ಅಕ್ಕಿಗೆಂದು ಇಟ್ಟ ಹಣವನ್ನು ಮಗನ ಫೀಸಿಗೆ ಕೊಟ್ಟು, ಫೀಸಿಗೆಂದು ಇಟ್ಟದ್ದರಲ್ಲಿ ಗ್ಯಾಸ್ ತರಿಸಿದರೆ ಯಾರೂ ಕೇಳುವುದಿಲ್ಲ. ಅದು ಜಾಣತನವೇ. ಕಚೇರಿಯಲ್ಲಿ ಒಂದು ಬಾಬ್ತಿನ ಹಣವನ್ನು ಇನ್ನೊಂದಕ್ಕೆ ಖರ್ಚು ಮಾಡಬೇಕಾದರೆ ಮೊದಲು ಲಿಖಿತ ಅನುಮತಿ ಬೇಕು. ಒಂದು ಪೈಸೆಯನ್ನೂ ನೀವು ಮುಟ್ಟದಿದ್ದರೂ, ಮಕ್ಕಳ ಒಳ್ಳೆಯದಕ್ಕೇ ಖರ್ಚು ಮಾಡಿದ್ದರೂ ಅದು ತಪ್ಪೇ. ಏಕೆಂದರೆ ಆ ಹಣ ನಿಮ್ಮ ಬಳಿ ಅಮಾನತು. (ಕಚೇರಿಯ ಕನ್ನಡದಲ್ಲಿ ಅಮಾನತು ಎಂದರೆ ತನಿಖೆ ಮುಗಿಯುವ ತನಕ ಕೆಲಸದಿಂದ ಹೊರಗಿಡುವುದು ಎಂಬ ಅರ್ಥವೂ ಇದೆ. ನಮ್ಮ ಅರ್ಥವನ್ನು ಮರೆತವರಿಗೆ ಅವರ ಅರ್ಥ ಗೊತ್ತಾಗುವ ಸಂದರ್ಭ ಬರುತ್ತದೆ!)

ಎರಡನೆಯ ವ್ಯತ್ಯಾಸ ಇನ್ನೂ ಮುಖ್ಯವಾದುದು. ಮನೆಯಲ್ಲಿ ಹಣ ಕೈಯಲ್ಲಿರುತ್ತದೆ. ಕಚೇರಿಯ ಬಜೆಟ್ ಹಣವಲ್ಲ, ಖರ್ಚು ಮಾಡಲು ಕೊಟ್ಟ ಅಪ್ಪಣೆ. ಸರಕಾರಿ ಶಾಲೆಯ ಮುಖ್ಯ ಶಿಕ್ಷಕಿಯರಿಗೆ ಇದು ಅನುಭವದಿಂದ ಗೊತ್ತು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಮಕ್ಕಳ ಸಂಖ್ಯೆಗೆ ಅನುಗುಣವಾಗಿ ಶಾಲೆಗೆ ಅನುದಾನ ಬರುತ್ತದೆ, ಅದರಲ್ಲಿ ಕನಿಷ್ಠ ಶೇ. 10 ಭಾಗ ಸ್ವಚ್ಛತೆಗೇ ಹೋಗಬೇಕು. 2021ರ ಜುಲೈ 1ರಿಂದ ಕೇಂದ್ರ ಪುರಸ್ಕೃತ ಯೋಜನೆಗಳ ಹಣ ರಾಜ್ಯ ಮಟ್ಟದ ಒಂದೇ ಖಾತೆಯಲ್ಲಿ ಇರುವಂತೆ ಮಾಡಿ, ಕೆಳಗಿನವರಿಗೆ ಇಂತಿಷ್ಟು ತೆಗೆಯಬಹುದೆಂಬ ಮಿತಿಯನ್ನು ಮಾತ್ರ ಕೊಡುವ ಪದ್ಧತಿ ಬಂತು. ಖಾಸಗಿ ಸಂಸ್ಥೆಯಲ್ಲೂ ತತ್ವ ಇದೇ.

ಒಂದು ಲೆಕ್ಕವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಪೆನ್ನು ಕಾಗದ ಹಿಡಿದುಕೊಂಡು ಓದಿದರೆ ಒಳ್ಳೆಯದು.

ನೀವು ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ ಎಂದಿಟ್ಟುಕೊಳ್ಳಿ. ಆಡಳಿತ ಮಂಡಳಿ ಈ ವರ್ಷ ಪ್ರಯೋಗಾಲಯಕ್ಕೆ 1,20,000 ರೂಪಾಯಿ ಮಂಜೂರು ಮಾಡಿದೆ. ರಾಸಾಯನಿಕ ಮತ್ತು ಗಾಜಿನ ಸಾಮಾನಿಗೆ 40,000, ಎರಡು ಸೂಕ್ಷ್ಮದರ್ಶಕಕ್ಕೆ 36,000, ನಲ್ಲಿ ಮತ್ತು ವಯರಿಂಗ್ ದುರಸ್ತಿಗೆ 18,000, ಡಿಸೆಂಬರ್‌ನ ವಿಜ್ಞಾನ ಪ್ರದರ್ಶನಕ್ಕೆ 16,000, ಆಕಸ್ಮಿಕ ಖರ್ಚಿಗೆ 10,000. ವರ್ಷವೆಂದರೆ ಎಪ್ರಿಲ್‌ನಿಂದ ಮಾರ್ಚ್.

ಸೆಪ್ಟೆಂಬರ್ ಕೊನೆಗೆ ನೀವು ಲೆಕ್ಕ ನೋಡುತ್ತೀರಿ. ರಾಸಾಯನಿಕಕ್ಕೆ 34,000, ದುರಸ್ತಿಗೆ 12,000, ಒಟ್ಟು 46,000 ರೂಪಾಯಿ ಪಾವತಿಯಾಗಿದೆ. 1,20,000ದಲ್ಲಿ 46,000 ಕಳೆದರೆ 74,000. ಅರ್ಧ ವರ್ಷ ಕಳೆದಿದೆ, ಅರ್ಧಕ್ಕಿಂತ ಹೆಚ್ಚು ಹಣ ಉಳಿದಿದೆ. ನೆಮ್ಮದಿಯ ಉಸಿರು ಬಿಡಬಹುದೇ?

ಬಿಡಬೇಡಿ. ಆಗಸ್ಟ್‌ನಲ್ಲಿ ಸೂಕ್ಷ್ಮದರ್ಶಕಕ್ಕೆ ಆರ್ಡರ್ ಕೊಟ್ಟಾಗಿದೆ, ಬಿಲ್ಲು ಇನ್ನೂ ಬಂದಿಲ್ಲ. ಅಂಗಡಿಯವರು ಕೊಟೇಶನ್‌ನಲ್ಲಿ 36,000 ಎಂದೇ ಬರೆದಿದ್ದರು, ಆದರೆ ಕೆಳಗೆ ಸಣ್ಣ ಅಕ್ಷರದಲ್ಲಿ ‘ತೆರಿಗೆ ಪ್ರತ್ಯೇಕ’ ಎಂದಿತ್ತು. ಶೇ. 18ರ ತೆರಿಗೆ ಎಂದರೆ 6,480. ಅಲ್ಲಿಗೆ 42,480 ಆಯಿತು. ಪ್ಲಂಬರ್‌ಗೆ ಎರಡು ಸಿಂಕ್ ಬದಲಿಸಲು ಹೇಳಿದ್ದೀರಿ, 8,000 ಕೊಡುತ್ತೇವೆಂದು ಮಾತಾಗಿದೆ. ಇವೆರಡೂ ಪಾವತಿಯ ಲೆಕ್ಕದಲ್ಲಿ ಕಾಣುವುದಿಲ್ಲ, ಆದರೆ ಅವು ಆಗಲೇ ಖರ್ಚಾಗಿ ಹೋದ ಹಣ. ಕೂಡಿದರೆ 50,480. ಅದನ್ನು 74,000ದಿಂದ ಕಳೆಯಿರಿ. ನಿಮ್ಮ ಬಳಿ ನಿಜವಾಗಿ ಉಳಿದಿರುವುದು 23,520.

ಅದರಲ್ಲೂ 16,000 ಪ್ರದರ್ಶನಕ್ಕೆ ಮೀಸಲು. ಇನ್ನು ಆರು ತಿಂಗಳ ರಾಸಾಯನಿಕ, ಒಡೆಯುವ ಗಾಜು, ಅನಿರೀಕ್ಷಿತವಾಗಿ ಬರುವ ಎಲ್ಲ ಖರ್ಚು, ಎಲ್ಲಕ್ಕೂ 7,520 ರೂಪಾಯಿ!

ಕಚೇರಿ ಬಜೆಟ್ ಕೈಗೆತ್ತಿಕೊಂಡವರು ಮೊದಲ ವರ್ಷದಲ್ಲಿ ಎಡವುವುದು ಹೆಚ್ಚಾಗಿ ಇಲ್ಲಿಯೇ, ಕಳ್ಳತನದಲ್ಲಲ್ಲ, ದುಂದಿನಲ್ಲೂ ಅಲ್ಲ. ಪಾವತಿಯಾದದ್ದನ್ನು ಮಾತ್ರ ಖರ್ಚೆಂದು ತಿಳಿಯುತ್ತಾರೆ, ಮಾತು ಕೊಟ್ಟದ್ದನ್ನು ಬರೆದಿಟ್ಟುಕೊಳ್ಳುವುದಿಲ್ಲ. ಆದ್ದರಿಂದ ನಿಮ್ಮ ಪುಸ್ತಕದಲ್ಲಿ ಪ್ರತಿಯೊಂದು ಬಾಬ್ತಿಗೂ ನಾಲ್ಕು ಅಂಕಣಗಳಿರಲಿ: ಮಂಜೂರಾದದ್ದು, ಪಾವತಿಯಾದದ್ದು, ಒಪ್ಪಿಕೊಂಡದ್ದು, ನಿಜವಾಗಿ ಉಳಿದದ್ದು. ಮೂರನೆಯ ಅಂಕಣವನ್ನು ಆರ್ಡರ್ ಕೊಟ್ಟ ದಿನವೇ ಬರೆಯಬೇಕು. ಫೋನಿನಲ್ಲಿ ‘ಆಯ್ತು, ಕಳಿಸಿ’ ಎಂದರೂ ಅದು ಆರ್ಡರೇ. ಕಂಪ್ಯೂಟರ್ ಇದ್ದರೆ ಎಕ್ಸೆಲ್‌ನಲ್ಲಿ ಮಾಡಿ, ಇಲ್ಲದಿದ್ದರೆ ಗೆರೆ ಹಾಕಿದ ಉದ್ದ ಪುಸ್ತಕ ಸಾಕು. ಅಕೌಂಟೆಂಟ್ ಬಳಿ ಲೆಕ್ಕ ಇದೆಯಲ್ಲ ಎನ್ನಬೇಡಿ. ನೀವು ಫೋನಿನಲ್ಲಿ ಒಪ್ಪಿಕೊಂಡದ್ದು ಅವರಿಗೆ ಹೇಗೆ ಗೊತ್ತಾಗಬೇಕು?

ರಾಸಾಯನಿಕದ ಬಾಬ್ತಿನಲ್ಲಿ 40,000ದ ಪೈಕಿ 34,000 ಆರು ತಿಂಗಳಲ್ಲೇ ಮುಗಿದದ್ದನ್ನು ನೋಡಿ ಗಾಬರಿಯಾಗಬೇಕೇ? ಅದು ಅವಲಂಬಿಸಿರುತ್ತದೆ. ಶಾಲೆ ತೆರೆಯುವಾಗ ವರ್ಷಕ್ಕಾಗುವಷ್ಟು ಒಟ್ಟಿಗೆ ತರಿಸಿದ್ದರೆ ಏನೂ ತೊಂದರೆಯಿಲ್ಲ. ತಿಂಗಳು ತಿಂಗಳು ತರಿಸಿ ಅಷ್ಟಾಗಿದ್ದರೆ ನವೆಂಬರ್‌ನಲ್ಲಿ ಬಾಟಲಿ ಬರಿದಾಗುತ್ತದೆ. ಹನ್ನೆರಡು ತಿಂಗಳಿಗೆ ಸಮನಾಗಿ ಭಾಗಿಸುವ ಬದಲು, ಯಾವ ತಿಂಗಳು ಎಷ್ಟು ಬೇಕಾದೀತು ಎಂದು ವರ್ಷದ ಆರಂಭದಲ್ಲೇ ಬರೆದಿಟ್ಟವರಿಗೆ ಈ ಎರಡರ ವ್ಯತ್ಯಾಸ ಥಟ್ಟನೆ ತಿಳಿಯುತ್ತದೆ. ರಂಝಾನಿನ ತಿಂಗಳಲ್ಲಿ ಮನೆ ಖರ್ಚು ಬೇರೆ ತಿಂಗಳಿನಂತಿರುವುದಿಲ್ಲ ಎಂದು ನಮಗೆ ಗೊತ್ತಿಲ್ಲವೇ? ಅದೇ ತಿಳುವಳಿಕೆ.

ಈಗ 23,520 ರೂಪಾಯಿಯ ಸತ್ಯ ನಿಮ್ಮ ಮುಂದಿದೆ. ಏನು ಮಾಡುತ್ತೀರಿ? ಹೇಗಾದರೂ ಸರಿದೂಗಿಸೋಣ, ಯಾರಿಗೂ ಹೇಳುವುದು ಬೇಡ ಎಂದು ಮನಸ್ಸು ಹೇಳುತ್ತದೆ. ಮನೆಯಲ್ಲಿ ಕೊರತೆಯನ್ನು ಮುಚ್ಚಿಟ್ಟುಕೊಂಡೇ ಮರ್ಯಾದೆ ಉಳಿಸಿದವರು ನಾವು, ಆ ಅಭ್ಯಾಸ ಸುಲಭವಾಗಿ ಬಿಡುವುದಿಲ್ಲ. ಆದರೆ ಕಚೇರಿಯಲ್ಲಿ ಅಕ್ಟೋಬರ್‌ನಲ್ಲಿ ಹೇಳಿದ ಕೊರತೆಗೆ ಹತ್ತು ದಾರಿಗಳಿರುತ್ತವೆ, ಫೆಬ್ರವರಿಯಲ್ಲಿ ಹೇಳಿದ ಕೊರತೆಗೆ ಬೈಗುಳ ಒಂದೇ. ಆದ್ದರಿಂದ ಒಂದು ಪುಟದೊಳಗೆ ಪತ್ರ ಬರೆಯಿರಿ. ‘ಸೂಕ್ಷ್ಮದರ್ಶಕದ ಬಾಬ್ತಿನಲ್ಲಿ ತೆರಿಗೆಯ ಕಾರಣ 6,480 ರೂಪಾಯಿ, ದುರಸ್ತಿಯಲ್ಲಿ ಎರಡು ಸಿಂಕ್‌ಗಳ ಕಾರಣ 2,000 ರೂಪಾಯಿ ಹೆಚ್ಚಾಗುತ್ತದೆ. ಇದನ್ನು ಆಕಸ್ಮಿಕ ಬಾಬ್ತಿನ 10,000ದಿಂದ ಭರಿಸಲು ಅನುಮತಿ ಕೋರುತ್ತೇನೆ. ಆಗ ಆ ಬಾಬ್ತಿನಲ್ಲಿ 1,520 ಮಾತ್ರ ಉಳಿಯುತ್ತದೆ. ರಾಸಾಯನಿಕದಲ್ಲಿ 6,000 ಉಳಿದಿದೆ.’ ಇಷ್ಟೇ. ಕ್ಷಮಾಪಣೆಯ ಪೀಠಿಕೆ ಬೇಡ, ಕಥೆ ಬೇಡ. ಏನಾಯಿತು, ಏಕಾಯಿತು, ಏನು ಬೇಕು. ಪತ್ರದ ಒಂದು ಪ್ರತಿಯನ್ನು ನಿಮ್ಮ ಕಡತದಲ್ಲಿಡಿ. ಮೌಖಿಕವಾಗಿ ‘ಆಗಲಿ ಮಾಡಿ’ ಎಂದರೆ, ‘ಇಂದು ತಾವು ಒಪ್ಪಿದಂತೆ’ ಎಂದು ಒಂದು ಸಾಲು ಬರೆದು ಕಳಿಸಿ. ಅನುಮಾನಕ್ಕಲ್ಲ, ಮರೆವಿಗೆ.

ಇನ್ನು ಸಹಿಯ ವಿಚಾರ. “ಮೇಡಂ, ಇಲ್ಲೊಂದು ಸಹಿ, ಬ್ಯಾಂಕು ಮುಚ್ಚುತ್ತದೆ” ಎಂದು ಓಡಿ ಬರುವವರು ಎಲ್ಲ ಕಚೇರಿಗಳಲ್ಲೂ ಇದ್ದಾರೆ. ಹೆಚ್ಚಿನವರು ಪಾಪದವರೇ. ಆದರೂ ಬಿಲ್ಲು ಸಂಸ್ಥೆಯ ಹೆಸರಿನಲ್ಲಿದೆಯೇ, ದಿನಾಂಕ ಮತ್ತು ನಂಬ್ರ ಇದೆಯೇ, ಕೊಟೇಶನ್‌ನ ದರವೇ ಹಾಕಿದ್ದಾರೆಯೇ, ಸಾಮಾನು ನಿಜವಾಗಿ ಬಂದು ದಾಸ್ತಾನು ಪುಸ್ತಕದಲ್ಲಿ ಬರೆದಾಗಿದೆಯೇ ಎಂದು ನೋಡಲು ಎರಡು ನಿಮಿಷ ಸಾಕು. ಖಾಲಿ ವೋಚರ್‌ಗೆ, ಖಾಲಿ ಚೆಕ್ಕಿಗೆ ಸಹಿ ಹಾಕಬೇಡಿ. ರಜೆಯ ಮೇಲೆ ಹೋಗುವಾಗ ‘ಅನುಕೂಲಕ್ಕಿರಲಿ’ ಎಂದು ನಾಲ್ಕು ಚೆಕ್ಕಿಗೆ ಸಹಿ ಹಾಕಿಟ್ಟು ಹೋಗುವುದಂತೂ ಬೇಡವೇ ಬೇಡ. ಹಣವಿಲ್ಲದೆ ಚೆಕ್ ವಾಪಸಾದರೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮಿನಡಿ ಎರಡು ವರ್ಷದ ತನಕ ಶಿಕ್ಷೆಗೆ ಅವಕಾಶವಿದೆ. ಆಗ ಕೋರ್ಟಿನಲ್ಲಿ ಉತ್ತರಿಸಬೇಕಾದವರ ಸಾಲಿನಲ್ಲಿ ಸಹಿ ಹಾಕಿದವರೂ ಇರುತ್ತಾರೆ. ಅನುಮಾನ ಬಂದರೆ, “ಇದನ್ನು ನೋಡಿ ನಾಳೆ ಬೆಳಿಗ್ಗೆ ಕೊಡುತ್ತೇನೆ ಅಣ್ಣ” ಎಂದು ಮೆದುವಾಗಿ ಹೇಳಿ ಕಾಗದವನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಮೆದುವಾಗಿ ಹೇಳುವುದು ಬೇರೆ, ಹಾಕಿಕೊಡುವುದು ಬೇರೆ.

ಸಣ್ಣ ಖರ್ಚಿನದು ಬೇರೆಯೇ ಕಥೆ. ಅತಿಥಿಗೆ ಚಹಾ, ಆಟೋ ಬಾಡಿಗೆ, ಝೆರಾಕ್ಸ್. ಇದಕ್ಕೆ ಒಳ್ಳೆಯ ಪದ್ಧತಿಯೆಂದರೆ ಒಂದು ಡಬ್ಬಿಯಲ್ಲಿ ನಿಗದಿಯಾದ ಮೊತ್ತ, 2,000 ರೂಪಾಯಿ ಎನ್ನಿ, ಇಡುವುದು. ಖರ್ಚು ಮಾಡಿದಾಗಲೆಲ್ಲ ಅಷ್ಟು ಮೊತ್ತದ ಚೀಟಿ ಅದೇ ಡಬ್ಬಿಗೆ. ಯಾವ ಗಳಿಗೆಯಲ್ಲಿ ತೆರೆದರೂ ಚೀಟಿ ಮತ್ತು ನೋಟು ಕೂಡಿ 2,000 ಆಗಬೇಕು. ಚೀಟಿಗಳನ್ನು ಕೊಟ್ಟು ಅಷ್ಟೇ ಹಣ ತಂದು ತುಂಬಿಸಿದರಾಯಿತು.

ನಮ್ಮ ಸಹೋದರಿಯರು ಇಲ್ಲಿ ಮಾಡುವುದೇನು? ತಮ್ಮ ಬ್ಯಾಗಿನಿಂದ ಕೊಟ್ಟುಬಿಡುತ್ತಾರೆ. ‘ಇನ್ನೂರು ರೂಪಾಯಿಗೆ ಯಾರು ಬಿಲ್ಲು ಬರೆಯುತ್ತಾರೆ, ಮಕ್ಕಳಿಗಲ್ಲವೇ’ ಎಂದು. ಮನಸ್ಸು ದೊಡ್ಡದು, ಒಪ್ಪೋಣ. ದಾನ ಮಾಡುವುದಾದರೆ ದಾನವೆಂದು ರಶೀದಿ ಪಡೆದು ಮಾಡಿ. ಲೆಕ್ಕಕ್ಕೆ ಬಾರದಂತೆ ಕೊಟ್ಟರೆ ಆ ಕೆಲಸಕ್ಕೆ ನಿಜವಾಗಿ ಎಷ್ಟು ತಗಲುತ್ತದೆ ಎಂಬುದೇ ಸಂಸ್ಥೆಗೆ ತಿಳಿಯುವುದಿಲ್ಲ. ಮುಂದಿನ ವರ್ಷವೂ ಅಷ್ಟೇ ಮಂಜೂರಾಗುತ್ತದೆ. ನಿಮ್ಮ ನಂತರ ಬರುವ, ಗಂಡನಿಲ್ಲದೆ ಇಬ್ಬರು ಮಕ್ಕಳನ್ನು ಸಾಕುವ ಶಿಕ್ಷಕಿ ತನ್ನ ಸಂಬಳದಿಂದ ಅದನ್ನು ತುಂಬಬೇಕಾಗುತ್ತದೆ. ‘ಹಿಂದಿನ ಮೇಡಂ ಇಷ್ಟರಲ್ಲೇ ಮಾಡುತ್ತಿದ್ದರು’ ಎಂಬ ಮಾತನ್ನೂ ಆಕೆ ಕೇಳಬೇಕು. ಈಗ ಮೊಬೈಲ್‌ನಿಂದಲೇ ಹಣ ಕಳಿಸುವ ಕಾಲ. ತುರ್ತಿಗೆ ನಿಮ್ಮ ಖಾತೆಯಿಂದ ಕಳಿಸಿದರೂ ಬಿಲ್ಲನ್ನು ಸಂಸ್ಥೆಯ ಹೆಸರಿನಲ್ಲೇ ಬರೆಸಿ, ಅದೇ ವಾರ ಹಣ ವಾಪಸು ಪಡೆಯಿರಿ.

ಮುಂದಿನ ವರ್ಷದ ಬೇಡಿಕೆ ಬರೆಯುವ ಕಾಲ ಸಾಮಾನ್ಯವಾಗಿ ಜನವರಿ-ಫೆಬ್ರವರಿ. “ಅವರು ಕೇಳಿದ್ದರಲ್ಲಿ ಅರ್ಧವೇ ಕೊಡುವುದು, ಅದಕ್ಕೆ ದುಪ್ಪಟ್ಟು ಕೇಳಿ” ಎಂದು ಬುದ್ಧಿ ಹೇಳುವವರು ಸಿಗುತ್ತಾರೆ. ಕೇಳಬೇಡಿ. ನೀವು ಉಬ್ಬಿಸುತ್ತೀರಿ, ಅವರು ಕತ್ತರಿಸುತ್ತಾರೆ, ಇದು ಎರಡು ವರ್ಷ ನಡೆದರೆ ನಿಮ್ಮ ನಿಜವಾದ ಅಗತ್ಯಕ್ಕೂ ಕತ್ತರಿ ಬೀಳುತ್ತದೆ. ಮದುವೆಯ ಪಟ್ಟಿಯಂತೆಯೇ ಬರೆಯಿರಿ: ಇಷ್ಟು ಮಕ್ಕಳು, ಪ್ರತಿಯೊಬ್ಬರಿಗೂ ಇಷ್ಟು ಪ್ರಯೋಗ, ಒಂದು ಪ್ರಯೋಗಕ್ಕೆ ಇಷ್ಟು ಸಾಮಗ್ರಿ, ಮೂರು ಅಂಗಡಿಗಳಿಂದ ತಂದ ದರ ಇಷ್ಟು, ತೆರಿಗೆ ಇಷ್ಟು. ‘ಹೋದ ವರ್ಷ ಇಷ್ಟು, ಈ ವರ್ಷ ಹತ್ತು ಶೇಕಡಾ ಜಾಸ್ತಿ’ ಎಂದು ಬರೆಯುವುದು ಸುಲಭ. ಆದರೆ ಹಾಗೆ ಬರೆದಾಗ ಯಾರಿಗೂ ಬೇಡವಾದ ಹಳೆಯ ಖರ್ಚೂ ಜೊತೆಯಲ್ಲೇ ಬೆಳೆಯುತ್ತದೆ. ಇದಕ್ಕೆ ಮದ್ದಾಗಿಯೇ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪೆನಿಯ ಪೀಟರ್ ಪೈರ್ ಎಂಬವರು ಪ್ರತಿವರ್ಷ ಸೊನ್ನೆಯಿಂದ ಲೆಕ್ಕ ಹಾಕುವ ಪದ್ಧತಿಯ ಬಗ್ಗೆ 1970ರಲ್ಲಿ ಬರೆದರು. ಅದರ ಮರುವರ್ಷ ಜಾರ್ಜಿಯ ರಾಜ್ಯದ ಗವರ್ನರ್ ಆದ ಜಿಮ್ಮಿ ಕಾರ್ಟರ್ ಅದನ್ನು ತಮ್ಮ ರಾಜ್ಯದ ಬಜೆಟ್‌ಗೆ ತಂದರು. ಪ್ರತಿವರ್ಷ ಎಲ್ಲವನ್ನೂ ಸೊನ್ನೆಯಿಂದ ಬರೆಯುವಷ್ಟು ಬಿಡುವು ಯಾರಿಗಿದೆ? ವರ್ಷಕ್ಕೊಂದು ಬಾಬ್ತನ್ನು ಹಾಗೆ ಕೆದಕಿ ನೋಡಿದರೂ ಸಾಕು.

ಮನೆಯಲ್ಲಿ ಉಳಿಸಿದವಳು ಜಾಣೆ. ಕಚೇರಿಯಲ್ಲಿ ಹಣ ಉಳಿದರೆ ಎಲ್ಲ ಬಾರಿಯೂ ಹೊಗಳಿಕೆಗೆ ಅರ್ಹವಲ್ಲ. ರಾಸಾಯನಿಕದ ಹಣ ಉಳಿದಿದೆಯೆಂದರೆ ಮಕ್ಕಳು ಪ್ರಯೋಗ ಮಾಡಲಿಲ್ಲವೆಂದೂ ಇರಬಹುದು. ಇದಕ್ಕೆ ಹೆದರಿ ಮಾರ್ಚ್‌ನಲ್ಲಿ ಸಿಕ್ಕಿದ್ದೆಲ್ಲ ಕೊಳ್ಳುವುದು ಇನ್ನೊಂದು ರೋಗ. ಕೇಂದ್ರ ಸರಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳು ವರ್ಷದ ಕೊನೆಯ ತಿಂಗಳುಗಳ ಇಂಥ ಖರ್ಚಿನ ನೂಕುನುಗ್ಗಲನ್ನು ಹಣಕಾಸು ಶಿಸ್ತಿನ ಉಲ್ಲಂಘನೆ ಎಂದೇ ಕರೆದಿವೆ. ಡಿಸೆಂಬರ್‌ನಲ್ಲೊಮ್ಮೆ ನಾಲ್ಕನೆಯ ಅಂಕಣವನ್ನು ನೋಡಿ, ಉಳಿಯುವಂತಿದ್ದರೆ ಆಗಲೇ ಹೇಳಿಬಿಡಿ. ಬೇರೆ ವಿಭಾಗಕ್ಕೆ ಅದು ಉಪಯೋಗಕ್ಕೆ ಬಂದೀತು.

ಆಡಳಿತ ಮಂಡಳಿಯ ಸಭೆಯಲ್ಲಿ ಒಬ್ಬಳೇ ಹೆಂಗಸಾಗಿ ಕುಳಿತು ಲೆಕ್ಕ ಒಪ್ಪಿಸುವುದು ಅಷ್ಟು ಸುಲಭವಲ್ಲ. ‘ಇಷ್ಟೊಂದು ಆಸಿಡ್ ಏಕೆ?’ ಎಂದು ಯಾರೋ ನಗುತ್ತಾ ಕೇಳುತ್ತಾರೆ. ನೆನಪಿನಿಂದ ಉತ್ತರಿಸಲು ಹೋಗಬೇಡಿ. ಪುಸ್ತಕ ತೆರೆದು, ಬೆರಳಿಟ್ಟು, ಮಕ್ಕಳ ಸಂಖ್ಯೆಯನ್ನೂ ದರವನ್ನೂ ಓದಿ ಹೇಳಿ. ಗೊತ್ತಿಲ್ಲದ್ದಕ್ಕೆ “ನೋಡಿ ತಿಳಿಸುತ್ತೇನೆ” ಎಂದು ಬರೆದುಕೊಂಡು, ಮರುದಿನ ತಿಳಿಸಿ. ಮೂರನೆಯ ಸಭೆಗೆ ಬರುವಷ್ಟರಲ್ಲಿ ಅವರೇ ಬೇರೆ ವಿಭಾಗದವರಿಗೆ ‘ಮೇಡಂ ಮಾಡಿದ ಹಾಗೆ ಮಾಡಿ ತನ್ನಿ’ ಎನ್ನಬಹುದು.

ಮಾರ್ಚ್ 31ರಂದು ಲೆಕ್ಕ ಮುಗಿಸುವಾಗ ಪುಸ್ತಕದ ಕೊನೆಯ ಪುಟದಲ್ಲಿ ಸ್ವಲ್ಪ ಜಾಗ ಬಿಡಿ. ಮುಂದಿನ ವರ್ಷ ಆ ಕುರ್ಚಿಯಲ್ಲಿ ಬೇರೊಬ್ಬರು ಕೂರಬಹುದು. ಅವರಿಗಾಗಿ ಬರೆದಿಡಿ: ಯಾವ ಅಂಗಡಿಯವರು ಹೇಳಿದ ದಿನಕ್ಕೆ ತಂದುಕೊಟ್ಟರು, ಯಾರು ತೆರಿಗೆಯನ್ನು ಸಣ್ಣ ಅಕ್ಷರದಲ್ಲಿ ಬರೆಯುತ್ತಾರೆ, ಎರಡನೆಯ ಸಿಂಕ್ ಇನ್ನೂ ಸೋರುತ್ತಿದೆಯೇ, ಆಮ್ಲದ ಎಷ್ಟು ಬಾಟಲಿಗಳು ಬೀರುವಿನಲ್ಲಿ ಉಳಿದಿವೆ, ಜೂನ್‌ನಲ್ಲಿ ಏನನ್ನು ತರಿಸುವುದು ಬೇಡ.